ಹಸಿರು ಸೈಕಲ್ಲಿನ ತೇಪೆ

ನಾನು ಜಂಬದ ಕೋಳಿ. ಹಾಗೆಂದು ನನ್ನ ಹೆಂಡತಿ ಹೇಳುತ್ತಾಳೆ, ನಾನೂ ಇಲ್ಲವೆನ್ನುವುದಿಲ್ಲ. ಎರಡು ಸಾವಿರದ ಇಸವಿಯ ಆಚೀಚೆ ಕತಾರಿನ ಮೆಸಯೀದ್‌ನ ಕಾರ್ಖಾನೆಯೊಂದರಲ್ಲಿ ಪೇಂಟರ್ ಆಗಿದ್ದೆ. ಟ್ಯಾಂಕು, ಪೈಪುಗಳ ಬಣ್ಣಕ್ಕೆ ಬಿದ್ದ ಗೀರುಗಳನ್ನು ಮುಚ್ಚುವುದು ನನ್ನ ಪಾಲಿನ ಕೆಲಸ. ಟಚಪ್ ಎನ್ನುತ್ತಿದ್ದೆವು. ಹಳೆಯ ಬಣ್ಣ ಎಲ್ಲಿ ಮುಗಿಯಿತು, ನನ್ನದು ಎಲ್ಲಿ ಶುರುವಾಯಿತು ಎಂದು ತಿಳಿಯಲು ಇನ್‌ಸ್ಪೆಕ್ಟರನೂ ಟಾರ್ಚು ಹಿಡಿದು ಹುಡುಕಬೇಕಿತ್ತು. ಹುಡುಕಿ ಸೋತು ಅವನು ಸಹಿ ಹಾಕುವಾಗ ನನಗಾಗುತ್ತಿದ್ದ ಖುಷಿ ಸಂಬಳದ ದಿನವೂ ಆಗುತ್ತಿರಲಿಲ್ಲ.

ಶುಕ್ರವಾರ ಕಂಪೆನಿ ಬಸ್ಸು ಹಿಡಿದು ದೋಹಾ ಅಲ್ ಜದೀದಾ ಬಡಾವಣೆಗೆ ಹೋಗುತ್ತಿದ್ದೆ. ಅಲ್ಲಿ ನಮ್ಮ ಕರಾವಳಿ ಕಡೆಯ ಬ್ಯಾರಿಯೊಬ್ಬರ ದಿನಸಿ ಅಂಗಡಿ. ನಾವೆಲ್ಲ ಅವರನ್ನು ಕಾಕ ಎಂದೇ ಕರೆಯುತ್ತಿದ್ದೆವು. ಅವರ ಅಂಗಡಿಯ ಸ್ಟೂಲಿನ ಮೇಲೆ ಕೂತು ಚಾ ಕುಡಿಯುತ್ತಾ ವಾರವಾರವೂ ನನ್ನದು ಒಂದೇ ರಾಗ.

"ನನ್ನ ಟಚಪ್ ಹುಡುಕಿ ತೋರಿಸುವವ ಇನ್ನೂ ಹುಟ್ಟಿಲ್ಲ ಕಾಕ."

"ಆಯ್ತು ಮಾರಾಯ, ಮೊದಲು ಆ ಚಾ ಕುಡಿ, ತಣಿದು ಹೋಗ್ತದೆ."

ಗಲ್ಲಾದ ಪಕ್ಕದಲ್ಲಿ ಒಂದು ಹಳೆಯ ಸೈಕಲ್ ನಿಂತಿರುತ್ತಿತ್ತು. ಕಡುಹಸಿರು ಬಣ್ಣ, ಗಟ್ಟಿ ಕಬ್ಬಿಣ, ಈಗ ಎಲ್ಲೂ ಸಿಗದ ಮಾಲು. ಕಾಕನಿಗಿಂತ ಮೊದಲು ಕತಾರಿಗೆ ಬಂದವರು ಅವರ ಅಣ್ಣ. ಇದೇ ಸೈಕಲ್ಲಿನ ಮೇಲೆ ಅಕ್ಕಿ ಮೂಟೆ ಹೇರಿಕೊಂಡು ಮನೆಮನೆಗೆ ಮುಟ್ಟಿಸಿ, ಅಂಗಡಿ ಹಾಕಿ, ತಮ್ಮನನ್ನು ಕರೆಸಿಕೊಂಡವರು. ಅವರು ತೀರಿಕೊಂಡು ವರ್ಷಗಳಾಗಿದ್ದವು. ಆ ಸೈಕಲನ್ನು ಕಾಕ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ, ದಿನಾ ಬೆಳಿಗ್ಗೆ ತಾವೇ ಒರೆಸುತ್ತಿದ್ದರು.

ಒಂದು ಶುಕ್ರವಾರ ಹೋದರೆ ಕಾಕನ ಮುಖ ಸಪ್ಪಗಿತ್ತು. ಹೊಸ ಶೆಲ್ಫು ಒಳಗೆ ತರುವಾಗ ಅದರ ಕಬ್ಬಿಣದ ಮೂಲೆ ತಾಗಿ, ಸೈಕಲ್ಲಿನ ಅಡ್ಡದಂಡಿಗೆಯ ಮೇಲೆ ಗೇಣುದ್ದದ ಗೀರು ಬಿದ್ದಿತ್ತು. ಬಿಳಿ ಕಬ್ಬಿಣ ಕಾಣುತ್ತಿತ್ತು.

"ಸೈಕಲ್ ಶಾಪಿನವನು ಪೂರ್ತಿ ಹೊಸ ಪೇಂಟ್ ಹೊಡೀತೇನೆ ಅಂದ. ಮಾಫಿ, ಅದೆಲ್ಲ ಬೇಡ ಅಂದೆ," ಎಂದರು ಕಾಕ. "ನೀನು ಅಷ್ಟು ಬಡಾಯಿ ಕೊಚ್ತೀಯಲ್ಲ, ಈ ಗೀರು ಮಾತ್ರ ಮುಚ್ಚಿ ಕೊಡು. ಬೇರೆ ಎಂತದೂ ಬೇಡ."

ಅವರ ವ್ಯಾನಿನಲ್ಲೇ ಸೈಕಲ್ ನಮ್ಮ ಕ್ವಾರ್ಟರ್ಸಿಗೆ ಬಂತು. ಮರುದಿನ ಶಿಫ್ಟು ಮುಗಿಸಿ ಬಂದವನೇ ಜಗಲಿಯಲ್ಲಿ ಕೆಲಸ ಶುರು ಮಾಡಿದೆ. ಕಾರ್ಖಾನೆಯ ಪದ್ಧತಿ ಮೈಗೆ ಹತ್ತಿತ್ತಲ್ಲ, ಮೊದಲು ಕ್ಯಾಮೆರಾದಲ್ಲಿ ನಾಲ್ಕು ಫೋಟೋ ತೆಗೆದೆ. ಆಮೇಲೆ ಗೀರಿನ ಸುತ್ತ ಎರಡು ಬೆರಳಗಲ ಉಜ್ಜಬೇಕು, ಅದೂ ಪದ್ಧತಿಯೇ. ಅಲ್ಲೇ ಗೀರಿನ ತುದಿಯಲ್ಲಿ ಹೆಬ್ಬೆರಳಗಲದ ಒಂದು ತೇಪೆ ಕಂಡಿತು. ಯಾರೋ ಪುಣ್ಯಾತ್ಮ ಯಾವುದೋ ತಿಳಿಹಸಿರನ್ನು ಒರಟು ಬ್ರಷ್ಷಿನಲ್ಲಿ ಮೆತ್ತಿದ್ದ. ಕೆಳಗಡೆ ಒಂದು ಹನಿ ಇಳಿದು ಹಾಗೇ ಒಣಗಿತ್ತು. ಥೂ! ನನ್ನ ಕೆಲಸದ ಪಕ್ಕ ಈ ಹೊಲಸು ಇರಬೇಕಾ? ವಾಟರ್ ಪೇಪರ್ ತೆಗೆದುಕೊಂಡು ಅದನ್ನೂ ಉಜ್ಜಿದೆ.

ಮುಕ್ಕಾಲು ಪಾಲು ಹೋಗಿದ್ದಾಗ ಫೋನ್ ಬಂತು. ಕಾಕ.

"ಒಂದು ಹೇಳ್ಲಿಕ್ಕೆ ಮರ್ತೆ. ಗೀರಿನ ಹತ್ರ ಒಂದು ತೇಪೆ ಉಂಟು ನೋಡು. ಅದು ಅಣ್ಣ ಹಚ್ಚಿದ್ದು. ಅಂಗಡಿ ಬಾಗಿಲಿಗೆ ತಂದ ಬಣ್ಣ ಉಳಿದಿತ್ತು, ಅದನ್ನೇ ಹಚ್ಚಿದ್ದ. ಆ ಬಾಗಿಲೂ ಈಗ ಇಲ್ಲ. ಅಣ್ಣನ ಕೈಯದ್ದು ಅಂತ ನನ್ನತ್ರ ಇರೋದು ಅದೊಂದೇ. ಮುಟ್ಟಬೇಡ ಆಯ್ತಾ?"

ನನ್ನ ಬೆರಳುಗಳೆಲ್ಲ ತಿಳಿಹಸಿರಾಗಿದ್ದವು. "ಆಯ್ತು ಕಾಕ" ಎಂದು ಫೋನ್ ಇಟ್ಟೆ. ಬೇರೆ ಎಂತದೂ ಬೇಡ ಎಂದು ಎದುರು ಕೂರಿಸಿಕೊಂಡು ಹೇಳಿದ್ದರು. ಕೇಳಿಸಿಕೊಂಡನೇ ಈ ಮಹಾ ಪಂಡಿತ?

ಗೀರು ಮುಚ್ಚುವುದು ಎರಡೇ ದಿನದಲ್ಲಿ ಮುಗಿಯಿತು. ಉಳಿದದ್ದು ತೇಪೆ. ಉಗುರಿನಷ್ಟು ಅಂಚು ಉಳಿದಿತ್ತು, ಫೋಟೋಗಳಿದ್ದವು. ಹಸಿರಿಗೆ ಹಳದಿ ಬೆರೆಸಿ, ಬಿಳಿ ಬೆರೆಸಿ, ಬಿಸಿಲಿಗೆ ಮಾಸಿದ್ದಕ್ಕೆಂದು ಒಂದು ಚೂರು ಕಂದು ಬೆರೆಸಿ, ಒಣಗಿಸಿ ನೋಡಿ, ಒರೆಸಿ ಬಿಸಾಡಿ, ಮತ್ತೆ ಬೆರೆಸಿದೆ. ಬಣ್ಣ ಸಿಕ್ಕಿದರೂ ನನ್ನ ಒಳ್ಳೆಯ ಬ್ರಷ್ಷಿನಲ್ಲಿ ಆ ಒರಟು ಗೆರೆಗಳೇ ಮೂಡಲಿಲ್ಲ. ಅತಿ ಅಗ್ಗದ ಬ್ರಷ್ ತಂದು ಅದರ ಕೂದಲನ್ನೂ ಅಡ್ಡಾದಿಡ್ಡಿ ಕತ್ತರಿಸಿದೆ. ಕೊನೆಗೆ ಆ ಹನಿ. ಬಣ್ಣ ಇಳಿಯದಂತೆ ನೋಡಿಕೊಳ್ಳುವುದನ್ನೇ ಹದಿನೈದು ವರ್ಷ ಕಲಿತವನಿಗೆ ಬೇಕೆಂದು ಒಂದು ಹನಿ ಇಳಿಸಲು ಬರಲಿಲ್ಲ! ನಾಲ್ಕು ಸಲ ಟರ್ಪೆಂಟೈನಿನಲ್ಲಿ ಒರೆಸಿದೆ. ಐದನೆಯ ಸಲ ಅದು ಫೋಟೋದಲ್ಲಿದ್ದಷ್ಟೇ ಇಳಿದು, ಎಡಕ್ಕೆ ಸ್ವಲ್ಪ ವಾಲಿ ನಿಂತಿತು. ನಾನು ಒಬ್ಬನೇ ಜಗಲಿಯಲ್ಲಿ "ಶಹಬ್ಬಾಸ್!" ಎಂದೆ.

ಮುಂದಿನ ಶುಕ್ರವಾರ ಕಾಕ ಸೈಕಲನ್ನು ಅಂಗಡಿಯ ಮುಂದೆ ಬಿಸಿಲಿಗೆ ನಿಲ್ಲಿಸಿ, ಕನ್ನಡಕ ಹಾಕಿಕೊಂಡು, ಬಗ್ಗಿ, ಅಡ್ಡದಂಡಿಗೆಯ ಉದ್ದಕ್ಕೂ ಬೆರಳಾಡಿಸಿದರು. ಗೀರು ಸಿಗಲಿಲ್ಲ.

"ಗೆದ್ದೆ ಮಾರಾಯ ನೀನು." ಬೆರಳು ತೇಪೆಯ ಮೇಲೆ ಬಂದು ನಿಂತಿತು. "ಅಣ್ಣಂದು ಹಾಗೇ ಉಂಟು. ಮುಟ್ಟದೆ ಬಿಟ್ಟೆಯಲ್ಲ, ಅದು ದೊಡ್ಡದು."

ಸುಮ್ಮನಿದ್ದರೆ ಅಲ್ಲಿಗೆ ಖಲಾಸ್. ಇರಲಾಗಲಿಲ್ಲ. ತಪ್ಪು ಮಾಡಿದ ಸಂಕಟ ಇತ್ತು, ನಿಜ. ಆದರೆ ಜೀವಮಾನದಲ್ಲಿ ನಾನು ಮಾಡಿದ ಅತಿ ಒಳ್ಳೆಯ ಕೆಲಸ ಅದು, ಯಾರಿಗೂ ತಿಳಿಯದೆ ಹೋಗುತ್ತದಲ್ಲ ಎಂಬ ಚಡಪಡಿಕೆಯೂ ಅಷ್ಟೇ ಇತ್ತು. ಎಲ್ಲ ಹೇಳಿಬಿಟ್ಟೆ.

ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಕಾಕನ ಬೆರಳು ಮಾತ್ರ ತೇಪೆಯ ಮೇಲೇ ಇತ್ತು.

"ಈ ಹನಿಯೂ ನಿಂದೇ?"

"ನಂದೇ ಕಾಕ. ಐದನೇ ಸಲಕ್ಕೆ ಸರಿ ಬಂತು."

ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ, ಎರಡೂ ಇತ್ತು. "ಅಣ್ಣನೂ ಹೀಗೇ. ಇದನ್ನು ಹಚ್ಚಿದ ದಿನ ಬೀದಿಯವರನ್ನೆಲ್ಲ ಕರ್ದು ನಿಲ್ಲಿಸಿದ. ಎಲ್ಲಿ ಹಚ್ಚಿದ್ದೇನೆ, ಹುಡುಕಿ ನೋಡುವ ಅಂತ. ಕಣ್ಣು ಕಾಣದವನೂ ಹೇಳ್ತಿದ್ದ ಮಾರಾಯ!"

ಅಷ್ಟರಲ್ಲಿ ಗಿರಾಕಿಯೊಬ್ಬರು ಬಂದರು. ಕಾಕ ಅಂಗಡಿಯೊಳಗೆ ಹೋಗಲಿಲ್ಲ. ಅವರ ಕೈ ಹಿಡಿದು ಸೈಕಲ್ಲಿನ ಬಳಿ ಎಳೆದು ತಂದರು.

"ಇಲ್ಲಿ ನೋಡಿ ಮಾರಾಯ್ರೆ, ಈ ತೇಪೆ. ಇದರಲ್ಲಿ ನಮ್ಮಣ್ಣ ಹಚ್ಚಿದ್ದು ಎಷ್ಟು, ಇವನು ಹಚ್ಚಿದ್ದು ಎಷ್ಟು? ಹೇಳಿ ನೋಡುವ."