ತಲೆಕೆಳಗಾದ ಮೊಲ

ಲಕ್ಷ್ಮೀಪುರಂನ ಸೈಬರ್ ಕೆಫೆಯಲ್ಲಿ ಕೂತು ಖಗೋಳಾಸಕ್ತರ ಫೋರಂ ಒಂದರಲ್ಲಿ ಹರಟುತ್ತಿದ್ದ ಕಾಲ. ಹುಣ್ಣಿಮೆ ಚಂದ್ರನಲ್ಲಿ ನಮಗೆ ಮೊಲ ಕಾಣುತ್ತೆ ಅಂತ ಬರೆದೆ. ‘ನಿಮ್ಮ ಮೊಲ ನಮಗೆ ತಲೆಕೆಳಗು’ ಎಂದು ಆಸ್ಟ್ರೇಲಿಯಾದವನೊಬ್ಬ ಉತ್ತರಿಸಿದ. ಮೈ ಜುಮ್ಮೆಂದಿತು!

ಕೆಫೆಯ ಮಾಲೀಕರಾದ ಮಲ್ಲಣ್ಣನವರಿಗೆ ತೋರಿಸಿದೆ. ‘ನಮ್ಮಜ್ಜಿ ತೋರ್ಸಿದ ಮೊಲ ಕಣ್ರೀ, ತಲೆಕೆಳಗಂತೆ! ಬನ್ನಿ, ನೋಡೇಬುಡೋಣ’ ಎಂದು ಬೀದಿಗೆ ಎಳೆದೊಯ್ದರು. ಚಂದ್ರ ಆಗಷ್ಟೇ ಮೂಡಿದ್ದ. ಇಬ್ಬರೂ ಅವನಿಗೆ ಬೆನ್ನು ಹಾಕಿ, ಬಗ್ಗಿ, ಕಾಲುಗಳ ನಡುವಿನಿಂದ ನೋಡಿದೆವು. ಹೌದು, ಮೊಲ ತಲೆಕೆಳಗು!

‘ಏನ್ ಕಳ್ಕೊಂಡ್ರಿ?’ ಎದುರುಮನೆಯಾಕೆ ಕೇಳಿದರು.

ವರದಿ ಒಪ್ಪಿಸಲು ಒಳಗೆ ಓಡಿದರೆ, ಆಸ್ಟ್ರೇಲಿಯಾದವನ ಸಂದೇಶ ಮೊದಲೇ ಬಂದಿತ್ತು: ‘ಅಂಗಳದಲ್ಲಿ ಬಗ್ಗಿ ನಿಮ್ಮ ಮೊಲ ನೋಡಿಬಂದೆ. ಹೆಂಡತಿ ಇನ್ನೂ ನಗುತ್ತಿದ್ದಾಳೆ.’

ಒಟ್ಟಿನಲ್ಲಿ ಆ ಹೊತ್ತು ನೆಟ್ಟಗಿದ್ದವನು ಚಂದ್ರನೊಬ್ಬನೇ.