ಅರ್ಧ ರೊಟ್ಟಿ

ಸಾವಿರದ ಒಂಬೈನೂರ ಎಂಬತ್ತರ ಆಸುಪಾಸಿನಲ್ಲಿ ಕೂಡ್ಲಿಗಿಯ ಒಂದು ದವಾಖಾನೆಯಲ್ಲಿ ನಾನು ಮೂತ್ರ ಪರೀಕ್ಷೆ ಮಾಡುತ್ತಿದ್ದೆ. ಒಂದು ದಿನ ಕಡ್ಡಿಯಂತಿದ್ದ ಹಮಾಲನೊಬ್ಬನ ಮೂತ್ರವನ್ನು ನೀಲಿ ದ್ರಾವಣಕ್ಕೆ ಹಾಕಿ ಕುದಿಸಿದರೆ ಇಟ್ಟಿಗೆಯಂತೆ ಕೆಂಪಾಯಿತು; ಅಂದರೆ ಮೂತ್ರದಲ್ಲಿ ಸಕ್ಕರೆ ಬಹಳ. ಸಕ್ಕರೆ ಕಾಯಿಲೆ ಚೆನ್ನಾಗಿ ತಿಂದುಂಡವರಿಗೆ ಬರುವುದೆಂದು ನಂಬಿದ್ದವನು ನಾನು. ಯಾವುದೋ ಸಾಹುಕಾರನ ಬಾಟಲಿ ಅದಲುಬದಲಾಗಿರಬೇಕೆಂದು ಹಮಾಲನಿಂದ ಇನ್ನೊಮ್ಮೆ ತರಿಸಿ ಕುದಿಸಿದೆ. ಮತ್ತೂ ಕೆಂಪೇ.

ಡಾಕ್ಟರು ಊಟ ಅರ್ಧಕ್ಕೆ ಇಳಿಸಬೇಕೆಂದು ಚೀಟಿ ಬರೆದರು. ನಾನು ಅದನ್ನು ಓದಿ ಹೇಳಿದಾಗ ಹಮಾಲನ ಜೊತೆ ಬಂದಿದ್ದ ಅವನ ತಾಯಿ ನನ್ನನ್ನೇ ದಿಟ್ಟಿಸಿದಳು.

“ಇವ ಹೊಟ್ಟ್ಯಾಗಿದ್ದಾಗ, ಕೂಸು ದೊಡ್ಡದಾದ್ರ ಹೆರಿಗಿ ಕಷ್ಟ ಅಂತ ನಮ್ಮತ್ತಿ ನನಗ ಅರ್ಧ ರೊಟ್ಟಿ ಹಾಕ್ತಿದ್ಲು. ಈಗ ನೀವು ಇವಗ ಅರ್ಧ ಅಂತೀರಿ. ಇವ ಇಡೀ ರೊಟ್ಟಿ ತಿನ್ನಾದು ಯಾವಾಗ್ರಿ?”

ಬಸುರಿ ಹಸಿದಿದ್ದರೆ ಮಗುವಿಗೆ ಮುಂದೆ ಸಕ್ಕರೆ ಕಾಯಿಲೆಯ ಸಂಭವ ಹೆಚ್ಚೆಂದು ಈಗ ಡಾಕ್ಟರುಗಳೇ ಹೇಳುತ್ತಾರೆ. ಆ ತಾಯಿ ಅಂದು ಮಗನ ಕಾಯಿಲೆಯ ಕಾರಣವನ್ನೇ ಹೇಳಿದ್ದಳೇನೋ. ನಾನು ರಿಜಿಸ್ಟರಿನಲ್ಲಿ ‘ಕೆಂಪು’ ಎಂದಷ್ಟೇ ಬರೆದಿದ್ದೆ.