ನೇಪಾಳಕ್ಕೆ ಹೋಗಿಬಂದ ಟೀಚರು

ಮಕ್ಕಳೇ, ಜಾವಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಟೀಚರು ನಿಮಗೆ ನೆನಪಿರಲಿಕ್ಕಿಲ್ಲ. ನನ್ನಂತೆಯೇ ಗಂಡನನ್ನು ಕಳೆದುಕೊಂಡವರು. ರಿಟೈರ್ ಆದಮೇಲೆ ನೇಪಾಳದ ಒಂದು ಬೆಟ್ಟದ ಹಳ್ಳಿಗೆ, ಶಾಲೆ ಕಟ್ಟುವ ಸೇವೆಗೆಂದು ಕೆಲವು ವಾರ ಹೋಗಿಬಂದರು. ಈ ವಯಸ್ಸಿನಲ್ಲಿ ಯಾಕೆ ಎಂದವರಿಗೆಲ್ಲ ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಾ, "ಕೈಕಾಲು ಗಟ್ಟಿ ಇದ್ಯಲ್ಲ ಮಾರಾಯ್ತಿ" ಎನ್ನುತ್ತಿದ್ದರು.

ಬಂದ ಮೇಲೆ ನಮ್ಮ ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಫೋಟೋ ತೋರಿಸಿದರು. ಕಲ್ಲು ಹೊತ್ತದ್ದು, ಗಾರೆ ಕಲಸಿದ್ದು ನೋಡಿ ನನಗೇನೂ ಅನ್ನಿಸಲಿಲ್ಲ. ಅಲ್ಲಿಂದ ಹೊರಡುವ ದಿನದ ಫೋಟೋದಲ್ಲಿ ಅವರ ಹಣೆತುಂಬ ಹಳ್ಳಿಯವರು ಇಟ್ಟ, ಅಕ್ಕಿ ಕಲಸಿದ ಕೆಂಪು ಕುಂಕುಮವಿತ್ತು.

"ಗಂಡ ಇದ್ದಾರಾ ಅಂತ ಅಲ್ಲಿ ಕೇಳ್ಲಿಲ್ವಾ?" ಎಂದೆ.

"ಕಲ್ಲು ಹೊರೋವಾಗ ಕೇಳ್ಲಿಲ್ಲ, ಕುಂಕುಮ ಇಡೋವಾಗ ಕೇಳ್ತಾರಾ?" ಎಂದು ನಕ್ಕರು.

ನನ್ನ ಹೊಟ್ಟೆ ಉರಿಯಿತು. ಅಷ್ಟರಲ್ಲಿ ನಿಮ್ಮ ಅಮ್ಮ, ಹೊರಟುನಿಂತಿದ್ದ ನೆಂಟರೊಬ್ಬರಿಗೆ ಕುಂಕುಮ ಕೊಟ್ಟು, ರೂಢಿಯಂತೆ ಟೀಚರನ್ನು ದಾಟಿ ಬಂದಳು. ಟೀಚರು ಹಣೆ ಮುಂದೊಡ್ಡಿದರು.

"ನಂಗೂ ಇಡು ಮಗಾ."

ನಿಮ್ಮ ಅಮ್ಮ ಒಂದು ಕ್ಷಣ ತಡೆದು, ಇಟ್ಟೇಬಿಟ್ಟಳು. ಆಮೇಲೆ ಬಟ್ಟಲು ಹಿಡಿದು ನನ್ನತ್ತ ತಿರುಗಿದಳು.

"ಅತ್ತೆ, ನಿಮಗೂ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ನಂಗೆಂತಕ್ಕೆ ಅದೆಲ್ಲ" ಎಂದು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಅಡುಗೆಮನೆ ಕಿಟಕಿಯಿಂದ ನೋಡಿದೆ. ಅವರ ಮನೆಗೆ ನಮ್ಮ ಹಿತ್ತಿಲಿನಿಂದಲೇ ದಾರಿಯಿತ್ತು. ಟೀಚರು ಅಂದು ಹಿತ್ತಿಲಿಗೆ ಬರಲಿಲ್ಲ. ಸುತ್ತು ಹಾಕಿ, ಬಸ್ಸಿಗೆ ಕಾದು ನಿಂತಿದ್ದವರ ಎದುರಿನಲ್ಲೇ, ತಲೆಯೆತ್ತಿ, ನಿಧಾನವಾಗಿ ರಸ್ತೆಯ ಮೇಲೆ ನಡೆದುಹೋದರು.